ಲಂಡನ್ನಿನ ಒಂದು ಚೀಟಿಯ ಚರಿತ್ರೆ

1863ರಲ್ಲಿಯೇ ನೆಲದೊಳಗೆ ಉಗಿಬಂಡಿಯನ್ನು ಓಡಿಸಿದ ಲಂಡನ್ ಮಹಾನಗರದಲ್ಲಿ, ಹೊಸದಾಗಿ ಬಂದಿಳಿದ ಪ್ರವಾಸಿಗೆ, ರೈಲಿಗೊಂದು ಚೀಟಿ, ಬಸ್ಸಿಗೆ ಮತ್ತೊಂದು ಎಂಬ ವ್ಯವಸ್ಥೆಯಿಂದಾಗಿ, ಯಾವುದನ್ನು ಕೊಂಡರೆ ಲಾಭವೆಂಬುದು ಬಹುಕಾಲ ಕ್ಲೇಶಕರವಾದ ಗಣಿತವೇ ಆಗಿದ್ದಿತು. 1981ರಲ್ಲಿ ಕೆನ್ ಲಿವಿಂಗ್‌ಸ್ಟನ್ನರ ನಾಯಕತ್ವದ ನಗರ ಪರಿಷತ್ತು ಪ್ರಯಾಣದರಗಳನ್ನಿಳಿಸಿ, ಆ ನಷ್ಟವನ್ನು ತೆರಿಗೆಯಿಂದ ತುಂಬಲು ಉದ್ಯುಕ್ತವಾದಾಗ, ಲಂಡನ್ನಿನದೇ ಭಾಗವಾದ ಬ್ರಾಮ್ಲಿಯ ಸ್ಥಳೀಯ ಆಡಳಿತವು ನ್ಯಾಯಾಲಯದ ಮೊರೆಹೊಕ್ಕಿತು. ಡಿಸೆಂಬರಿನಲ್ಲಿ ಪ್ರಭುಗಳ ಸಭೆಯ ನ್ಯಾಯಾಧೀಶರು ಅದು ಕಾನೂನುಬಾಹಿರವೆಂದು ತೀರ್ಪಿತ್ತರು. ಮರುವರ್ಷದ ಮಾರ್ಚಿನಲ್ಲಿ ದರಗಳು ಹೆಚ್ಚುಕಡಿಮೆ ಇಮ್ಮಡಿಯಾದವು. ಆ ಪರಾಭವದ ಬೆನ್ನಿಗೇ, 1983ರಲ್ಲಿ, ವಲಯಗಳನ್ನಾಧರಿಸಿ ಬಸ್ಸಿಗೂ ಭೂಗತ ರೈಲಿಗೂ ಸಮಾನವಾಗಿ ಸಲ್ಲುವ ಟ್ರಾವೆಲ್‌ಕಾರ್ಡ್ ಜನ್ಮತಾಳಿತು. ಒಂದೇ ಚೀಟಿಯನ್ನು ಜೇಬಿನಲ್ಲಿಟ್ಟು, ತಪ್ಪು ಬಂಡಿ ಹತ್ತಿದರೂ ಹಣ ಹೋದೀತೆಂಬ ಭಯವಿಲ್ಲದೆ ಅಲೆಯುವ ಸ್ವಾತಂತ್ರ್ಯವನ್ನು ಪರದೇಶಿಗೆ ಕೊಟ್ಟ ಈ ಏರ್ಪಾಡನ್ನು ನಾನು ಆ ನಗರದ ಅತ್ಯಂತ ಉದಾರವಾದ ಕೃತಿಗಳಲ್ಲಿ ಒಂದೆಂದೇ ಎಣಿಸುತ್ತೇನೆ. 2003ರಲ್ಲಿ ಯಂತ್ರಕ್ಕೆ ತಾಕಿಸಿ ಪಯಣಿಸುವ ಆಯ್ಸ್ಟರ್ ಕಾರ್ಡೂ, 2005ರಲ್ಲಿ ದಿನದ ವೆಚ್ಚಕ್ಕೊಂದು ಮೇರೆಯೂ ಬಂದವು. ಆಮೇಲೆ ದಿನದ ಚೀಟಿಯನ್ನು ಮೊದಲೇ ಆರಿಸುವ ಚಿಂತೆ ಬಹುಮಟ್ಟಿಗೆ ಕಳೆಯಿತು. ಇಂದಿಗೂ ವಿವೇಚನೆ ಬೇಕಾಗಿರುವುದು ವಾರವಿಡೀ ತಂಗುವವರಿಗೆ: ವಾರದ ವೆಚ್ಚಕ್ಕೂ ಇರುವ ಮೇರೆಯ ಲೆಕ್ಕ ಸೋಮವಾರದಿಂದ ಭಾನುವಾರಕ್ಕೆ ನಡೆಯುವುದರಿಂದ, ಗುರುವಾರ ಬಂದವರಿಗೆ ಯಾವ ದಿನವಾದರೂ ಆರಂಭವಾಗಬಲ್ಲ ಏಳು ದಿನಗಳ ಹಳೆಯ ಟ್ರಾವೆಲ್‌ಕಾರ್ಡೇ ಅನುಕೂಲವಾದೀತು.