ಸದನದ ಹಿಂದಿನ ಕೋಣೆ

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಹುಬ್ಬಳ್ಳಿ-ಧಾರವಾಡದಿಂದ ಬಸ್ಸು ಹತ್ತಿ ಹೋದವರು ಪ್ರೇಕ್ಷಕರ ಗ್ಯಾಲರಿಯಿಂದ ಕಾಣುವುದು ಹೆಚ್ಚಾಗಿ ಗದ್ದಲ, ಧರಣಿ, ಸಭಾತ್ಯಾಗ. ಮರುದಿನದ ಪತ್ರಿಕೆಯಲ್ಲೂ ಅದೇ. ಶಾಸನಸಭೆಯ ಕೆಲಸ ಇಷ್ಟೇ ಎಂದು ಅವರು ತಿಳಿದರೆ ತಪ್ಪು ಅವರದಲ್ಲ. ಅಧಿಕಾರಿಯೊಬ್ಬರು ಕಡತ ಬಿಚ್ಚಿ ಖರ್ಚಿನ ಒಂದೊಂದು ಬಾಬಿಗೂ ಉತ್ತರ ಹೇಳಬೇಕಾಗುವುದು ಸಮಿತಿಯ ಕೋಣೆಯಲ್ಲಿ. ಅಲ್ಲಿಗೆ ಪತ್ರಕರ್ತರಿಗೂ ಪ್ರವೇಶವಿಲ್ಲ.

ಲೆಕ್ಕಪತ್ರ ಸಮಿತಿ ಹುಟ್ಟಿದ್ದು 1861ರಲ್ಲಿ, ಬ್ರಿಟನ್ನಿನಲ್ಲಿ. ಭಾರತಕ್ಕೆ ಬಂದದ್ದು 1921ರಲ್ಲಿ, ಮಾಂಟೆಗ್ಯೂ-ಚೆಲ್ಮ್ಸ್‌ಫರ್ಡ್ ಸುಧಾರಣೆಯ ಜೊತೆಗೆ. ಆಗ ಹುಬ್ಬಳ್ಳಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಲ್ಲಿಯವರೇ ಆದ ಸಿದ್ದಪ್ಪ ಕಂಬಳಿ ಮುಂಬಯಿ ಶಾಸನ ಪರಿಷತ್ತಿನ ಸದಸ್ಯರಾಗಿ, 1930ರ ದಶಕದಲ್ಲಿ ಮಂತ್ರಿಯೂ ಆದರು. ಆದರೆ ಆ ಕಾಲದ ಲೆಕ್ಕಪತ್ರ ಸಮಿತಿಗೆ ಸರ್ಕಾರದ ಹಣಕಾಸು ಸದಸ್ಯನೇ ಅಧ್ಯಕ್ಷ. ಲೆಕ್ಕ ಕೊಡಬೇಕಾದವನೇ ಲೆಕ್ಕ ಕೇಳುವ ವಿಚಿತ್ರ ವ್ಯವಸ್ಥೆ.

ಇನ್ನೊಂದು ತೊಡಕು ಅಷ್ಟಾಗಿ ಕಣ್ಣಿಗೆ ಬೀಳುವಂಥದ್ದಲ್ಲ. ದೆಹಲಿಯ ಕೇಂದ್ರ ಶಾಸನಸಭೆಯ ಗುಮಾಸ್ತರು, ಕಾರ್ಯದರ್ಶಿಗಳು ಸರ್ಕಾರದ ಇಲಾಖೆಯ ನೌಕರರಾಗಿದ್ದರು. ಅವರ ಬಡ್ತಿ, ವರ್ಗಾವಣೆ ಸರ್ಕಾರದ ಕೈಯಲ್ಲಿ. ಇದನ್ನು ಎದುರಿಸಿ ನಿಂತವರು, 1925ರಲ್ಲಿ ಆ ಸಭೆಗೆ ಚುನಾಯಿತರಾದ ಮೊದಲ ಭಾರತೀಯ ಅಧ್ಯಕ್ಷ ವಿಠ್ಠಲಭಾಯಿ ಪಟೇಲ್. 1928ರ ಸೆಪ್ಟೆಂಬರಿನಲ್ಲಿ ಮೋತಿಲಾಲ್ ನೆಹರೂ ಮಂಡಿಸಿದ ನಿರ್ಣಯ ಅಂಗೀಕಾರವಾಗಿ, 1929ರ ಜನವರಿಯಲ್ಲಿ ಸಭೆಗೆ ತನ್ನದೇ ಕಚೇರಿ ದೊರೆಯಿತು. ಸಂವಿಧಾನದ 187ನೇ ವಿಧಿ ರಾಜ್ಯಗಳ ಶಾಸನಸಭೆಗಳಿಗೂ ಪ್ರತ್ಯೇಕ ಸಿಬ್ಬಂದಿಯನ್ನು ಒದಗಿಸಿತು. ಕರ್ನಾಟಕದಲ್ಲಿ ವಿಧಾನಸಭೆಗೆ ಒಂದು, ವಿಧಾನ ಪರಿಷತ್ತಿಗೆ ಒಂದು ಸಚಿವಾಲಯವಿದೆ. ಈ ಎರಡೂ ಸದನಗಳ ಪೀಠದಲ್ಲಿ ಹುಬ್ಬಳ್ಳಿಯ ರಾಜಕಾರಣಿಗಳು ಕುಳಿತದ್ದುಂಟು: ವಿಧಾನಸಭೆಯಲ್ಲಿ 2008ರಲ್ಲಿ ಜಗದೀಶ ಶೆಟ್ಟರ್, ಪರಿಷತ್ತಿನಲ್ಲಿ 2021ರಲ್ಲಿ ಬಸವರಾಜ ಹೊರಟ್ಟಿ.

ಈ ಸಿಬ್ಬಂದಿಯ ಕೆಲಸ ಎಂಥದೆಂಬುದಕ್ಕೆ ಸರ್ಕಾರಿ ಭರವಸೆಗಳ ಸಮಿತಿಯೇ ಒಳ್ಳೆಯ ನಿದರ್ಶನ. ಹುಬ್ಬಳ್ಳಿಯ ಕುಡಿಯುವ ನೀರಿನ ಬಗ್ಗೆ ಸದಸ್ಯರೊಬ್ಬರು ಪ್ರಶ್ನೆ ಕೇಳುತ್ತಾರೆ. ಮಂತ್ರಿಗಳು ಎದ್ದು ನಿಂತು "ಕ್ರಮ ಕೈಗೊಳ್ಳಲಾಗುವುದು" ಎನ್ನುತ್ತಾರೆ. ಸದನ ಮುಂದಿನ ಪ್ರಶ್ನೆಗೆ ಹೋಗುತ್ತದೆ, ಊರಿನವರೂ ಮರೆಯಬಹುದು. ಆದರೆ ಸದನದ ವರದಿಗಾರರು ಆ ಮಾತನ್ನು ಅಕ್ಷರಶಃ ಬರೆದುಕೊಂಡಿರುತ್ತಾರೆ. ನಡವಳಿಯ ಪುಟಗಳನ್ನು ಜಾಲಾಡಿ ಇಂಥ ಭರವಸೆಗಳನ್ನು ಹೆಕ್ಕಿ, ಪಟ್ಟಿ ಮಾಡಿ, ಇಲಾಖೆಗೆ ಕಳಿಸಿ, ಏನಾಯಿತೆಂದು ಕೇಳುತ್ತ ಹೋಗುವುದೇ ಸಮಿತಿಯ ಕೆಲಸ. ಬರೆದಿಟ್ಟವರು ಇಲ್ಲದಿದ್ದರೆ ಮಂತ್ರಿಗಳ ಮಾತು ಗಾಳಿಗೆ ಹೋದಂತೆಯೇ.

ಲೆಕ್ಕಪತ್ರ ಸಮಿತಿಗೆ ಮಹಾಲೇಖಪಾಲರ ವರದಿಯೇ ಆಧಾರ. ವರದಿಯ ಯಾವ ಕಂಡಿಕೆಯನ್ನು ಹಿಡಿಯಬೇಕು, ಯಾವ ಪ್ರಶ್ನೆ ಕೇಳಬೇಕು ಎಂಬ ಟಿಪ್ಪಣಿ ಮೊದಲೇ ಸಿದ್ಧವಾಗಿರಬೇಕು. ಇಲಾಖೆಯ ಕಾರ್ಯದರ್ಶಿ ಸಾಕ್ಷ್ಯ ಹೇಳಲು ಬರುತ್ತಾರೆ. ಮಂತ್ರಿಗಳು ಸಮಿತಿಯ ಸದಸ್ಯರಾಗುವಂತಿಲ್ಲ; ಅಧ್ಯಕ್ಷ ಸ್ಥಾನ ವಿರೋಧ ಪಕ್ಷಕ್ಕೆ ಹೋಗುವುದು ವಾಡಿಕೆ. ಸದನದಲ್ಲಿ ಜಗಳವಾಡಿ ಬಂದವರು ಇಲ್ಲಿ ಒಂದೇ ಮೇಜಿನ ಸುತ್ತ ಕುಳಿತು ಒಂದೇ ವರದಿಗೆ ಒಪ್ಪಬಲ್ಲರು. ಹೊರಗೆ ಚಪ್ಪಾಳೆ ತಟ್ಟುವವರಿಲ್ಲದ್ದೂ ಇದಕ್ಕೆ ಒಂದು ಕಾರಣವಿರಬೇಕು.

ಇಷ್ಟಾದರೂ ಸಮಿತಿ ಮಾಡುವುದು ಶಿಫಾರಸು ಮಾತ್ರ, ಆಜ್ಞೆಯಲ್ಲ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಭೂಮಿಯ ಒತ್ತುವರಿ ಕುರಿತು ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ 2007ರಲ್ಲಿ ವರದಿ ನೀಡಿ, 27 ಸಾವಿರಕ್ಕೂ ಹೆಚ್ಚು ಎಕರೆ ಕಬಳಿಕೆಯಾಗಿದೆ ಎಂದಿತು. ಕಂದಾಯ ದಾಖಲೆಗಳನ್ನು ಒಂದೊಂದಾಗಿ ತೆರೆಸಿ ಕಂಡುಕೊಂಡ ಲೆಕ್ಕವದು. ರಾಜ್ಯದಲ್ಲಿ ದೊಡ್ಡ ಸುದ್ದಿಯಾಯಿತು. ಜಮೀನು ಮಾತ್ರ ಕೂಡಲೇ ಹಿಂದಿರುಗಲಿಲ್ಲ. ಭೂಕಬಳಿಕೆ ನಿಷೇಧ ಶಾಸನಕ್ಕೆ ಸದನದ ಒಪ್ಪಿಗೆ 2011ರಲ್ಲಿ ಸಿಕ್ಕಿತು, ರಾಷ್ಟ್ರಪತಿಗಳ ಅಂಕಿತ 2014ರಲ್ಲಿ. ಆ ಶಾಸನದಡಿ ವಿಶೇಷ ನ್ಯಾಯಾಲಯ ಕೆಲಸ ಆರಂಭಿಸಿದ್ದು 2016ರಲ್ಲಿ. ಸಮಿತಿ ವರದಿ ಕೊಟ್ಟು ಆಗಲೇ ಒಂಬತ್ತು ವರ್ಷವಾಗಿತ್ತು.