ರೆಸಿಪಿಗೆ ಕಾಪಿರೈಟ್ ಇದೆಯೇ? ಫಾರ್ವರ್ಡ್ ಮಾಡುವ ಮುನ್ನ ತಿಳಿದಿರಬೇಕಾದ್ದು

"ಅಡುಗೆಗೆ ಎಲ್ಲಿಯ ಕಾಪಿರೈಟ್? ಅಜ್ಜಿ ಮಾಡಿದ್ದನ್ನೇ ಅಮ್ಮ ಮಾಡಿದಳು, ಅಮ್ಮ ಮಾಡಿದ್ದನ್ನೇ ನಾವು ಮಾಡ್ತೀವಿ" ಅನ್ನುವವರು ಒಂದು ಕಡೆ. "ಬೇರೆಯವರ ರೆಸಿಪಿ ಗ್ರೂಪಿಗೆ ಹಾಕಿದರೆ ಜೈಲು ಗ್ಯಾರಂಟಿ" ಎಂದು ಹೆದರಿಸುವವರು ಇನ್ನೊಂದು ಕಡೆ. ಎರಡೂ ಅರ್ಧ ಸತ್ಯ. ಪೂರ್ತಿ ಸುಳ್ಳಾಗಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು.

ಈ ವಿಷಯ ಕೈಗೆತ್ತಿಕೊಳ್ಳಲು ಕಾರಣ ನಾಗಸಂದ್ರದಿಂದ ಬಂದ ಒಂದು ಪ್ರಶ್ನೆ. ಪೀಣ್ಯ ಸುತ್ತಮುತ್ತಲಿನ ಪಿಜಿಗಳಿಗೆ ಮನೆಯಿಂದಲೇ ಊಟದ ಡಬ್ಬಿ ಕಳಿಸುವ ಓದುಗರೊಬ್ಬರು ತಮ್ಮ ಬಿಸಿಬೇಳೆ ಬಾತ್ ಪುಡಿಯ ವಿಧಾನವನ್ನು ಫೋಟೊ ಸಮೇತ ಬರೆದು ಹಂಚಿಕೊಂಡಿದ್ದರು. ಕೆಲವು ವಾರಗಳ ನಂತರ ಅದೇ ಬರಹ, ಅದೇ ಫೋಟೊ ಅವರದೇ ಅಪಾರ್ಟ್‌ಮೆಂಟ್ ಗ್ರೂಪಿಗೆ ವಾಪಸ್ ಬಂತು. ಅವರ ಹೆಸರು ಮಾತ್ರ ಇರಲಿಲ್ಲ. ಕೊನೆಯಲ್ಲಿ 'ಸಂಗ್ರಹ' ಎಂದಿತ್ತು. ಅವರು ಕೇಳಿದ್ದು ಇಷ್ಟೇ: "ಬಿಸಿಬೇಳೆ ಬಾತ್ ನಾನು ಕಂಡುಹಿಡಿದಿದ್ದಲ್ಲ. ಹಾಗಿದ್ದಮೇಲೆ ಇದು ನನ್ನದು ಅನ್ನೋಕೆ ನನಗೇನು ಹಕ್ಕಿದೆ?"

ಉತ್ತರಕ್ಕೆ ಮೊದಲು ರೆಸಿಪಿಯನ್ನು ಎರಡು ತುಂಡು ಮಾಡಿ ನೋಡಬೇಕು.

ಅಳತೆ ಬೇರೆ, ಬರಹ ಬೇರೆ

ಒಂದು ಪಾವು ಅಕ್ಕಿ, ಅರ್ಧ ಪಾವು ತೊಗರಿಬೇಳೆ, ನಿಂಬೆಹಣ್ಣಿನ ಗಾತ್ರದ ಹುಣಸೆ. ಇದು ಮಾಹಿತಿ. ಬೇಳೆ ಬೇಯಿಸು, ಹುಳಿ ಹಾಕು, ಪುಡಿ ಹಾಕಿ ಕುದಿಸು ಎನ್ನುವುದು ಕ್ರಮ. ಮಾಹಿತಿಗೂ ಕ್ರಮಕ್ಕೂ ಕಾಪಿರೈಟ್ ಸಿಗುವುದಿಲ್ಲ. ಆದರೆ "ತಟ್ಟೆಗೆ ಬಡಿಸಿದರೆ ಬಾತ್ ತಾನಾಗಿ ಹರಿಯಬೇಕು, ಗುಡ್ಡೆಯಾಗಿ ಕೂತರೆ ನೀರು ಸಾಲದು ಎಂದೇ ಅರ್ಥ, ನಮ್ಮ ಮನೆಯಲ್ಲಿ ಅಂಥದ್ದಕ್ಕೆ 'ಸಿಮೆಂಟ್ ಬಾತ್' ಅಂತಾರೆ" ಎಂದು ಯಾರಾದರೂ ಬರೆದಿದ್ದರೆ ಆ ವಾಕ್ಯಗಳು ಅವರವು. ತೆಗೆದ ಫೋಟೊ ಅವರದು. ವಿಡಿಯೊ ಅವರದು.

ನಮ್ಮ ದೇಶದಲ್ಲಿ ಇದಕ್ಕೆ ಆಧಾರ 1957ರ ಕಾಪಿರೈಟ್ ಕಾಯ್ದೆ. ಐಡಿಯಾ ಯಾರ ಆಸ್ತಿಯೂ ಅಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ರಕ್ಷಣೆ ಎಂಬುದನ್ನು ಸುಪ್ರೀಂ ಕೋರ್ಟ್ 1978ರಲ್ಲಿ ಆರ್. ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಅದು ಅಡುಗೆಯ ಜಗಳವಲ್ಲ, ಒಂದು ನಾಟಕಕ್ಕೂ ಒಂದು ಹಿಂದಿ ಸಿನಿಮಾಕ್ಕೂ ನಡೆದ ಜಗಳ. ಆದರೆ ತತ್ವ ಒಂದೇ. 2007ರ ಈಸ್ಟರ್ನ್ ಬುಕ್ ಕಂಪನಿ ತೀರ್ಪು ಇನ್ನೊಂದು ಮಾತು ಸೇರಿಸಿತು: ಶ್ರಮಪಟ್ಟು ಜೋಡಿಸಿದರೆ ಸಾಲದು, ಅದರಲ್ಲಿ ಸ್ವಲ್ಪವಾದರೂ ಸ್ವಂತ ಸೃಜನಶೀಲತೆ ಇರಬೇಕು. ಬರೀ ಸಾಮಗ್ರಿ ಪಟ್ಟಿ ಆ ಪರೀಕ್ಷೆ ದಾಟುವುದು ಕಷ್ಟ.

ಅಮೆರಿಕದಲ್ಲಿ ನೇರವಾಗಿ ರೆಸಿಪಿಯದೇ ಕೇಸ್ ನಡೆದಿದೆ. ಮೊಸರಿನ ಕಂಪನಿಯೊಂದರ ರೆಸಿಪಿ ಪುಸ್ತಕದ ಬಗ್ಗೆ 1996ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಸಾಮಗ್ರಿ ಮತ್ತು ಮಾಡುವ ಕ್ರಮವಷ್ಟೇ ಇರುವ ರೆಸಿಪಿಗೆ ಕಾಪಿರೈಟ್ ಇಲ್ಲ ಎಂದಿತು. ಜೊತೆಗೆ ಬರಹಗಾರರ ಸ್ವಂತ ವಿವರಣೆ, ನೆನಪು, ಸಲಹೆ ಬೆರೆತ ರೆಸಿಪಿಗಳ ಮಾತು ಬೇರೆ ಎಂಬ ಬಾಗಿಲನ್ನೂ ತೆರೆದಿಟ್ಟಿತು.

ಹಾಗಾಗಿ ನಾಗಸಂದ್ರದ ಓದುಗರಿಗೆ ನಮ್ಮ ಉತ್ತರ: ಬಿಸಿಬೇಳೆ ಬಾತ್ ನಿಮ್ಮದಲ್ಲ. ಧನಿಯಾ, ಚಕ್ಕೆ, ಮರಾಠಿ ಮೊಗ್ಗಿನ ಪ್ರಮಾಣವೂ ಕಾನೂನಿನ ಪ್ರಕಾರ ನಿಮ್ಮ ಸ್ವತ್ತಲ್ಲ. ನೀವು ಬರೆದ ಸಾಲುಗಳು ಮತ್ತು ನೀವು ತೆಗೆದ ಫೋಟೊ ಖಂಡಿತ ನಿಮ್ಮವು. ಅದಕ್ಕೆ ನೋಂದಣಿ ಬೇಕಿಲ್ಲ, ವೃತ್ತದೊಳಗಿನ 'ಸಿ' ಗುರುತೂ ಬೇಕಿಲ್ಲ. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಲೇಖಕರು ತೀರಿಕೊಂಡ ನಂತರವೂ 60 ವರ್ಷ ಉಳಿಯುತ್ತದೆ. ಕಾಯ್ದೆಯ ಸೆಕ್ಷನ್ 57 ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಕಾಪಿರೈಟನ್ನೇ ಮಾರಿದ ಮೇಲೂ 'ಇದನ್ನು ಬರೆದದ್ದು ನಾನು' ಎಂದು ಹೇಳಿಕೊಳ್ಳುವ ಹಕ್ಕು ಲೇಖಕರಲ್ಲೇ ಇರುತ್ತದೆ.

'ಸಂಗ್ರಹ' ಎಂಬ ಮಾಯಾಪದ

ಕನ್ನಡದಲ್ಲಿ ಈ ಪದದಷ್ಟು ದುಡಿದ ಪದ ಇನ್ನೊಂದಿಲ್ಲ. ಅದರ ತಮ್ಮಂದಿರು 'ಕೃಪೆ: ವಾಟ್ಸಾಪ್' ಮತ್ತು 'ಕೃಪೆ: ಅಂತರ್ಜಾಲ'. ಅಂತರ್ಜಾಲ ಯಾವತ್ತೂ ಒಗ್ಗರಣೆ ಹಾಕಿಲ್ಲ. ಹಾಕಿದವರು ಯಾರೋ ಇದ್ದಾರೆ.

ಇಂಟರ್ನೆಟ್‌ನಲ್ಲಿ ಇರುವುದೆಲ್ಲ ಸಾರ್ವಜನಿಕರ ಸೊತ್ತು ಎಂಬ ನಂಬಿಕೆ ನಮ್ಮಲ್ಲಿ ಮಾತ್ರ ಇಲ್ಲ. 2010ರಲ್ಲಿ ಅಮೆರಿಕದ ಮೋನಿಕಾ ಗಾಡಿಯೊ ಎಂಬ ಬರಹಗಾರ್ತಿಗೆ ತಮ್ಮ ಲೇಖನವೊಂದು 'ಕುಕ್ಸ್ ಸೋರ್ಸ್' ಎಂಬ ಪತ್ರಿಕೆಯಲ್ಲಿ ಅನುಮತಿಯಿಲ್ಲದೆ ಅಚ್ಚಾಗಿರುವುದು ತಿಳಿಯಿತು. ಲೇಖನದ ವಿಷಯ ನೂರಾರು ವರ್ಷ ಹಳೆಯ ಆ್ಯಪಲ್ ಪೈ ರೆಸಿಪಿಗಳು. ಅವರು ಕೇಳಿದ್ದು ಒಂದು ಕ್ಷಮೆ ಮತ್ತು ಪತ್ರಿಕೋದ್ಯಮ ಶಾಲೆಯೊಂದಕ್ಕೆ 130 ಡಾಲರ್ ದೇಣಿಗೆ. ವೆಬ್‌ನಲ್ಲಿರುವುದು ಎಲ್ಲರದು, ತಿದ್ದಿಕೊಟ್ಟಿದ್ದಕ್ಕೆ ನೀವೇ ನಮಗೆ ಹಣ ಕೊಡಬೇಕಿತ್ತು ಎಂಬರ್ಥದ ಉತ್ತರ ಸಂಪಾದಕರಿಂದ ಬಂತು. ಸುದ್ದಿ ಹರಡಿ ಓದುಗರು ಸಿಟ್ಟಿಗೆದ್ದರು, ಜಾಹೀರಾತುದಾರರು ಹಿಂದೆ ಸರಿದರು, ಪತ್ರಿಕೆ ಮುಚ್ಚಿತು. ಗಮನಿಸಿ, ಆ ಹಳೆಯ ಪೈ ಯಾರ ಸೊತ್ತೂ ಅಲ್ಲ. ಅದರ ಬಗ್ಗೆ ಬರೆದ ಲೇಖನ ಮಾತ್ರ ಆಕೆಯದು.

ನಮ್ಮಲ್ಲೂ ಇದೇ ಲೆಕ್ಕ. ಚಾವುಂಡರಾಯನ 'ಲೋಕೋಪಕಾರ'ದಲ್ಲಿ, ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ, ಮಂಗರಸನ 'ಸೂಪಶಾಸ್ತ್ರ'ದಲ್ಲಿ ಇರುವ ಅಡುಗೆಗಳು ಎಲ್ಲರವು. ಆ ಲೇಖಕರು ತೀರಿಹೋಗಿ ಶತಮಾನಗಳೇ ಕಳೆದಿವೆ. ಆದರೆ ಅವಕ್ಕೆ ಇತ್ತೀಚೆಗೆ ಯಾರಾದರೂ ಹೊಸಗನ್ನಡದಲ್ಲಿ ಅರ್ಥ, ಟಿಪ್ಪಣಿ ಬರೆದಿದ್ದರೆ ಆ ಪುಟದ ಫೋಟೊ ತೆಗೆದು ಹಂಚುವುದು ಬೇರೆ ಮಾತು. ಅಡುಗೆ ಪುಸ್ತಕವೊಂದನ್ನು ಇಡೀ ಪಿಡಿಎಫ್ ಮಾಡಿ ಗ್ರೂಪಿಗೆ ಬಿಡುವುದಂತೂ ಸೀದಾ ಉಲ್ಲಂಘನೆ. ಅದಕ್ಕೆ 'ಸಮಾಜಸೇವೆ' ಎಂಬ ಹೆಸರು ಹೊಂದುವುದಿಲ್ಲ.

ಹಾಗಾದರೆ ಹಿಂದೆ 'ಸುಧಾ', 'ತರಂಗ'ದಿಂದ ರೆಸಿಪಿ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಿದ್ದರಲ್ಲ, ಅದೂ ತಪ್ಪೇ? ಅಲ್ಲ. ಸ್ವಂತ ಬಳಕೆಗೆ ಕಾಯ್ದೆಯ ಸೆಕ್ಷನ್ 52 ಅವಕಾಶ ಕೊಡುತ್ತದೆ. ಪುಸ್ತಕದ ರೆಸಿಪಿ ನೋಡಿ ಅಡುಗೆ ಮಾಡಿ ಮಾರುವುದಕ್ಕೂ ಕಾಪಿರೈಟ್ ಅಡ್ಡಿಯಿಲ್ಲ, ಏಕೆಂದರೆ ನೀವು ಮಾರುತ್ತಿರುವುದು ಅನ್ನ, ಬರಹವಲ್ಲ.

ಮೂರು ಬದಲಾವಣೆ ಮಾಡಿದರೆ ನಮ್ಮದಾಗುತ್ತದೆಯೇ?

ರೆಸಿಪಿ ಬರೆಯುವವರ ನಡುವೆ ಹೀಗೊಂದು 'ನಿಯಮ' ಓಡಾಡುತ್ತದೆ. ಕೆಲವರು ಮೂರು ಎನ್ನುತ್ತಾರೆ, ಕೆಲವರು 30 ಶೇಕಡ ಎನ್ನುತ್ತಾರೆ. ನಮ್ಮ ಕಾಯ್ದೆಯಲ್ಲಿ ಇಂಥ ಯಾವ ಸಂಖ್ಯೆಯೂ ಇಲ್ಲ. ಗೋಡಂಬಿ ಬದಲು ಕಡಲೆಕಾಯಿ, ತುಪ್ಪದ ಬದಲು ಎಣ್ಣೆ ಹಾಕಿ, ಉಳಿದ ಇಪ್ಪತ್ತು ಸಾಲನ್ನು ಹಾಗೆಯೇ ಎತ್ತಿಟ್ಟರೆ ಅದು ನಕಲೇ. ಇಂಗ್ಲಿಷ್ ರೆಸಿಪಿ ಬರಹವನ್ನು ಸಾಲುಸಾಲಾಗಿ ಕನ್ನಡಕ್ಕೆ ತಂದರೂ ಅಷ್ಟೇ; ಅನುವಾದದ ಹಕ್ಕು ಮೂಲ ಲೇಖಕರದು. ಎಐ ಆ್ಯಪ್‌ಗೆ ಕೊಟ್ಟು ಪದ ತಿರುಗಿಸಿಕೊಳ್ಳುವವರಿಗೂ ನಮ್ಮ ಅಭಿಪ್ರಾಯ ಬೇರೆಯಿಲ್ಲ.

ಅದೇ ರೆಸಿಪಿಯನ್ನು ಓದಿ, ನಿಮ್ಮ ಒಲೆಯ ಮೇಲೆ ಮಾಡಿ, ಏನಾಯಿತು ಎಂದು ನಿಮ್ಮ ಮಾತಿನಲ್ಲಿ ಬರೆದರೆ ಕಾನೂನಿನ ತಕರಾರು ಬಹುತೇಕ ಮುಗಿಯಿತು. ಆಮೇಲೆ ಉಳಿಯುವುದು ಸೌಜನ್ಯ. 'ಇಂಥವರ ರೆಸಿಪಿ ಆಧರಿಸಿ, ಬೆಲ್ಲ ಕಡಿಮೆ ಮಾಡಿದ್ದೇನೆ' ಎಂಬ ಒಂದು ಸಾಲು ಸಾಕು. ಕಾನೂನು ಕೇಳದಿದ್ದರೂ ಈ ಸಾಲು ಬೇಕು ಎಂದು ನಾವು ಒತ್ತಿ ಹೇಳಲು ಕಾರಣವಿದೆ: ಮನೆಯಡುಗೆಯ ವಿಡಿಯೊ, ಬರಹ, ಡಬ್ಬಿಯಿಂದಲೇ ಸಂಪಾದಿಸುವ ಹೆಂಗಸರಿಗೆ ಗ್ರಾಹಕರು ಬರುವುದೇ ಹೆಸರಿನಿಂದ. ಹೆಸರು ಕತ್ತರಿಸಿದರೆ ಆದಾಯವೂ ಕತ್ತರಿಸಿದಂತೆ.

ಅಳವಡಿಕೆಯೇ ತಪ್ಪು ಎಂದು ಭಾವಿಸಬೇಡಿ. ನಾಗಸಂದ್ರದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಮೆಟ್ರೊ ನಿಲ್ದಾಣದ ಬಳಿ 2022ರ ಜೂನ್‌ನಲ್ಲಿ ತೆರೆದ ಐಕಿಯಾ ಮಳಿಗೆಗೆ ಹೋದವರು ಸೋಫಾ ನೋಡಿದಷ್ಟೇ ಶ್ರದ್ಧೆಯಿಂದ ಮೀಟ್‌ಬಾಲ್ ತಿಂದು ಬರುತ್ತಾರೆ. ಸ್ವೀಡನ್‌ನಲ್ಲಿ ಅದು ದನ ಮತ್ತು ಹಂದಿ ಮಾಂಸದ್ದು, ಇಲ್ಲಿ ಚಿಕನ್‌ನದು, ತರಕಾರಿಯದು. 2018ರಲ್ಲಿ ಸ್ವೀಡನ್ ದೇಶದ ಅಧಿಕೃತ ಟ್ವಿಟರ್ ಖಾತೆಯೇ, ಈ ಮೀಟ್‌ಬಾಲ್ 18ನೇ ಶತಮಾನದ ಆರಂಭದಲ್ಲಿ ದೊರೆ ಹನ್ನೆರಡನೇ ಚಾರ್ಲ್ಸ್ ಟರ್ಕಿಯಿಂದ ತಂದ ರೆಸಿಪಿಯನ್ನು ಆಧರಿಸಿದ್ದು ಎಂದು ಹೇಳಿಕೊಂಡಿತು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿಗೆ, ಮನೆಯಲ್ಲಿ ಮಾಡಿಕೊಳ್ಳುವಂತೆ ಕಂಪನಿಯೇ ರೆಸಿಪಿ ಪ್ರಕಟಿಸಿತು. ರೆಸಿಪಿ ಹಂಚಿದ್ದರಿಂದ ಯಾರ ಅಂಗಡಿಯೂ ಮುಚ್ಚಲಿಲ್ಲ.

ಇಲ್ಲಿ ಜಿಐ ಟ್ಯಾಗ್ ಬಗ್ಗೆ ಒಂದು ಮಾತು, ಏಕೆಂದರೆ ಇವೆರಡನ್ನೂ ಕಲಸುವ ಫಾರ್ವರ್ಡ್‌ಗಳು ಬಹಳ. ಧಾರವಾಡ ಪೇಡಕ್ಕೆ ಜಿಐ ಇದೆ. ಅಂದರೆ ಆ ಹೆಸರು ಆ ಊರಿಗೆ ಸೇರಿದ್ದು. ಬೇರೆಡೆ ಮಾಡಿದ್ದನ್ನು ಅದೇ ಹೆಸರಲ್ಲಿ ಮಾರುವಂತಿಲ್ಲ. ನೀವು ಮನೆಯಲ್ಲಿ ಹಾಲು ಕಾಯಿಸಿ ಪೇಡ ಮಾಡಿಕೊಂಡರೆ ಯಾರೂ ಕೇಳುವುದಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಮೈಸೂರು ಪಾಕ್‌ನ ಜಿಐ ತಮಿಳುನಾಡಿಗೆ ಹೋಯಿತು ಎಂದು ರಾಜ್ಯವೆಲ್ಲ ಕುದಿದದ್ದು ನೆನಪಿರಬಹುದು. ಅದು ಅಂಕಣಕಾರರೊಬ್ಬರು ತಮಾಷೆಗೆ ಹಾಕಿದ ಟ್ವೀಟ್. ಟಿವಿಯವರೂ ನಿಜವೆಂದು ನಂಬಿದರು.

ಒಂದು ಸಾಲು ಬಿಟ್ಟುಹೋದರೆ

ಹೆಸರು ಕಳೆದುಹೋಗುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕೈಯಿಂದ ಕೈಗೆ ಹೋಗುವಾಗ ರೆಸಿಪಿಯಿಂದ ಎಚ್ಚರಿಕೆಯ ಸಾಲುಗಳು ಉದುರುತ್ತವೆ.

ಸೋರೆಕಾಯಿ ರಸವನ್ನೇ ನೋಡಿ. ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು ಎಂದು ಇದರ ವಿಧಾನ ಹರಿದಾಡುತ್ತಲೇ ಇರುತ್ತದೆ. ಕೆಲವು ಸೋರೆಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಹೆಚ್ಚಿರುತ್ತದೆ. ಕಹಿ ರಸ ಕುಡಿದು ನಮ್ಮ ದೇಶದಲ್ಲಿ ಸಾವುಗಳಾದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ನೇಮಿಸಿತ್ತು. ಅದು ಹೇಳಿದ್ದು: ರಸ ತೆಗೆಯುವ ಮೊದಲು ಸಣ್ಣ ಚೂರು ರುಚಿ ನೋಡಿ, ಕಹಿಯಿದ್ದರೆ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ, ಕುಡಿದ ಮೇಲೆ ವಾಂತಿ, ಹೊಟ್ಟೆನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಈಗ ಯಾರೋ ಇದನ್ನು 'ಸುಧಾರಿಸಿ' ಶುಂಠಿ, ನಿಂಬೆ, ಜೇನು ಸೇರಿಸುತ್ತಾರೆ ಎಂದುಕೊಳ್ಳಿ. ರುಚಿ ನೋಡುವ ಸಾಲು ಹೋಯಿತು, ಕಹಿಯನ್ನು ಮರೆಮಾಡುವ ಸಾಮಗ್ರಿ ಬಂತು. ಬಾಯಿ ಕೊಡುತ್ತಿದ್ದ ಎಚ್ಚರಿಕೆಯೇ ಕೇಳದಂತಾಯಿತು.

ಇದಕ್ಕಿಂತ ಚಿಕ್ಕವು ಎಷ್ಟೋ ಇವೆ. ಪತ್ರೊಡೆಗೆ ಹುಣಸೆ ಕಡಿಮೆ ಮಾಡಿ, ಬೇಗ ಆಗಲೆಂದು ಅರೆಬೇಯಿಸಿದರೆ ಕೆಸುವಿನ ಎಲೆಯ ಸೂಜಿಯಂಥ ಆಕ್ಸಲೇಟ್ ಹರಳುಗಳಿಂದ ಗಂಟಲು ತುರಿಸುತ್ತದೆ. ಬಿಪಿ ಇದೆಯೆಂದು ಮಾವಿನ ಉಪ್ಪಿನಕಾಯಿಗೆ ಅರ್ಧ ಉಪ್ಪು ಹಾಕಿದರೆ ಅದು ವರ್ಷ ಬಾಳುವುದಿಲ್ಲ. ಅಲ್ಲಿ ಉಪ್ಪು ರುಚಿಗಷ್ಟೇ ಅಲ್ಲ, ಕೆಡದಿರುವುದಕ್ಕೆ. ಬೇಕಿಂಗ್ ಪೌಡರ್ ಎಂದಿದ್ದದ್ದು ಯಾರದೋ ಕೈಯಲ್ಲಿ 'ಸೋಡಾ' ಆದರೆ ಕೇಕ್ ಸಾಬೂನಿನ ರುಚಿ ಬರುತ್ತದೆ. ಚಮಚ ಎಂದರೆ 5 ಮಿಲಿಯೋ 15 ಮಿಲಿಯೋ ಎಂಬ ಗೊಂದಲ ಎಲ್ಲರ ಮನೆಯದು. ಮಕ್ಕಳ ಆಹಾರದ ರೆಸಿಪಿಯಲ್ಲಿ ಸಕ್ಕರೆ ಬದಲು ಜೇನು ಎಂದು ತಿದ್ದುವವರು ಒಂದು ವಿಷಯ ತಿಳಿದಿರಲಿ: ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು, ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆಯ ಅಪಾಯವಿದೆ.

ಮೂಲದ ಲಿಂಕ್ ಇದ್ದರೆ ಓದುವವರು ಹಿಂದೆ ಹೋಗಿ ನೋಡಬಹುದು, ಬರೆದವರನ್ನೇ ಕೇಳಬಹುದು. 'ಸಂಗ್ರಹ' ಎಂದಿದ್ದರೆ ಯಾರನ್ನು ಕೇಳುವುದು? ವಾಟ್ಸಾಪ್‌ನ 'ಹಲವು ಬಾರಿ ಫಾರ್ವರ್ಡ್' ಎಂಬ ಎರಡು ಬಾಣದ ಗುರುತು ಸಂದೇಶ ಬಹಳ ಕೈ ದಾಟಿ ಬಂದಿದೆ ಎಂದಷ್ಟೇ ಹೇಳುತ್ತದೆ. ಮೊದಲ ಕೈ ಯಾರದೆಂದು ಅದು ಹೇಳುವುದಿಲ್ಲ.

ನಿಮ್ಮದನ್ನೇ ಯಾರಾದರೂ ಎತ್ತಿದ್ದರೆ

ಮೊದಲು ಸ್ಕ್ರೀನ್‌ಶಾಟ್, ಲಿಂಕ್, ದಿನಾಂಕ ತೆಗೆದಿಡಿ. ನೀವು ಮೊದಲು ಹಾಕಿದ ಪೋಸ್ಟ್ ಮತ್ತು ಫೋಟೊದ ಮೂಲ ಫೈಲ್ ಅಳಿಸಬೇಡಿ, ಸಾಕ್ಷಿ ಅದೇ. ಹಾಕಿದವರಿಗೆ ಒಂದು ಸಂದೇಶ ಕಳಿಸಿ. ಹೆಚ್ಚಿನವರು ತಿಳಿಯದೆ ಮಾಡಿರುತ್ತಾರೆ, ಹೆಸರು ಸೇರಿಸುತ್ತಾರೆ. ಒಪ್ಪದಿದ್ದರೆ ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಕಾಪಿರೈಟ್ ದೂರಿನ ಫಾರಂ ಇದೆ. ನಮ್ಮ 2013ರ ಕಾಪಿರೈಟ್ ನಿಯಮಗಳ ಪ್ರಕಾರ ಲಿಖಿತ ದೂರು ಸರಿಯಾಗಿದೆ ಎನಿಸಿದರೆ ಜಾಲತಾಣ 36 ಗಂಟೆಯೊಳಗೆ ಆ ಪೋಸ್ಟ್ ಕಾಣದಂತೆ ಮಾಡಬೇಕು. 21 ದಿನದೊಳಗೆ ನೀವು ಕೋರ್ಟ್ ಆದೇಶ ತರದಿದ್ದರೆ ಅದನ್ನು ಮತ್ತೆ ತೋರಿಸಲೂಬಹುದು. ಗೊತ್ತಿದ್ದೂ ಮಾಡಿದ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಎಂದು ಸೆಕ್ಷನ್ 63 ಹೇಳುವುದು ನಿಜ. ವ್ಯಾಪಾರದ ಲಾಭಕ್ಕೆ ಮಾಡದಿದ್ದಾಗ, ಕಾರಣ ದಾಖಲಿಸಿ ಅದಕ್ಕಿಂತ ಕಡಿಮೆ ಶಿಕ್ಷೆ ಕೊಡುವ ಅವಕಾಶವೂ ಕೋರ್ಟಿಗಿದೆ. ಅತ್ತೆಯ ಗ್ರೂಪಿಗೆ ಚಕ್ಕುಲಿ ರೆಸಿಪಿ ಹಾಕಿದವರನ್ನು ಹಿಡಿಯುವುದಕ್ಕೆಂದು ಬರೆದ ಕಲಂ ಅದಲ್ಲ.

ಮುಚ್ಚಿದ ವಾಟ್ಸಾಪ್ ಗ್ರೂಪುಗಳಲ್ಲಿ ಮಾತ್ರ ಇದ್ಯಾವುದೂ ಸುಲಭವಲ್ಲ, ಎಲ್ಲಿ ಹರಿದಾಡುತ್ತಿದೆ ಎಂಬುದೇ ತಿಳಿಯುವುದಿಲ್ಲ. ನಾಗಸಂದ್ರದ ಓದುಗರು ಈಗ ತಮ್ಮ ಹೆಸರನ್ನು ಫೋಟೊದ ಮೂಲೆಯಲ್ಲಿ ಹಾಕುತ್ತಿಲ್ಲ, ಅಲ್ಲಿದ್ದರೆ ಕತ್ತರಿಸುವುದು ಸುಲಭ. ಬಾತ್ ತಟ್ಟೆಯ ನಟ್ಟನಡುವೆ, ತೆಳ್ಳಗೆ ಕಾಣುವಂತೆ ಹಾಕುತ್ತಿದ್ದಾರೆ.