ಮೂಳೆಯ ಬಲ ಮತ್ತು ಹೊರೆಯ ವೇಗ: ಅಧ್ಯಯನದ ಇತಿಹಾಸ

ಒಂದೇ ಮೂಳೆ ನಿಧಾನವಾಗಿ ಏರುವ ಹೊರೆಗೆ ಒಂದು ಬಗೆಯಲ್ಲಿ, ಥಟ್ಟನೆ ಬೀಳುವ ಪೆಟ್ಟಿಗೆ ಇನ್ನೊಂದು ಬಗೆಯಲ್ಲಿ ಮುರಿಯುತ್ತದೆ. ಖನಿಜ, ಕೊಲಾಜೆನ್ ನಾರು ಮತ್ತು ನೀರು ಕೂಡಿ ಆದ ವಸ್ತು ಅದು. ಹೊರೆ ಬೀಳುವ ವೇಗ ಹೆಚ್ಚಿದಷ್ಟೂ ಹೆಚ್ಚು ಬಿಗಿಯಾಗುತ್ತದೆ.

ಮಾನವ ಮೂಳೆಯ ಬಲವನ್ನು ವರ್ಥೈಮ್ 1847ರಲ್ಲಿ, ಮೆಸ್ಸರರ್ 1880ರಲ್ಲಿ ಅಳೆದು ಪ್ರಕಟಿಸಿದರು. ಆದರೆ ಅವು ನಿಧಾನ ಹೊರೆಯ ಅಳತೆಗಳು. ಪೆಟ್ಟಿನ ಪ್ರಶ್ನೆಯನ್ನು ಮುಂದೆ ತಂದದ್ದು ಕಾರು ಮತ್ತು ವಿಮಾನ. 1939ರಿಂದ ಡೆಟ್ರಾಯಿಟ್‌ನ ವೇಯ್ನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರ್ ಲಿಸ್ನರ್ ಮತ್ತು ನರಶಸ್ತ್ರವೈದ್ಯ ಗುರ್ಜಿಯನ್ ತಲೆಬುರುಡೆಯ ಮುರಿತವನ್ನು ಒಟ್ಟಿಗೆ ಪರೀಕ್ಷಿಸಿದರು.

ನಿರ್ಣಾಯಕ ಪ್ರಯೋಗ 1966ರದು. ಮೂಳೆಯ ತುಂಡು ಸೆಕೆಂಡಿಗೆ ತನ್ನ ಉದ್ದದ ಎಷ್ಟು ಪಾಲು ಕುಗ್ಗುತ್ತದೆ ಎಂಬುದು ವಿಕೃತಿ ದರ. ಅಮೆರಿಕದ ಮ್ಯಾಕೆಲ್ಹೇನಿ ಇದನ್ನು 0.001ರಿಂದ 1500ರವರೆಗೆ ಏರಿಸುತ್ತ, ಕೆಡದಂತೆ ಸಂಸ್ಕರಿಸಿದ ಮಾನವ ತೊಡೆಮೂಳೆಯ ತುಂಡುಗಳನ್ನು ಅದುಮಿದರು. ತಾಳಿಕೆ ಸುಮಾರು 150 ಮೆಗಾಪ್ಯಾಸ್ಕಲ್‌ನಿಂದ 315ಕ್ಕೆ, ಅಂದರೆ ದುಪ್ಪಟ್ಟಿಗೆ ಏರಿತು. ಬಲ ಹೆಚ್ಚಿತು ನಿಜ, ಆದರೆ ಮುರಿಯುವ ಮುನ್ನ ಕುಗ್ಗುವ ಪ್ರಮಾಣ ಇಳಿಯಿತು. ಮೂಳೆ ಗಟ್ಟಿಯಾಗುತ್ತಲೇ ಪೆಡಸೂ ಆಗಿತ್ತು. ರಸ್ತೆ ಅಪಘಾತಗಳಲ್ಲಿ ಮೂಳೆ ಹಲವು ಚೂರಾಗುವುದು ಇದರಿಂದಲೇ: ಶೇಖರವಾದ ಶಕ್ತಿಯೆಲ್ಲ ಒಮ್ಮೆಗೇ ಹೊರಬೀಳುತ್ತದೆ.

ಈ ದುಪ್ಪಟ್ಟನ್ನು ಸರಿಯಾದ ಜಾಗದಲ್ಲಿಟ್ಟವರು ಕಾರ್ಟರ್ ಮತ್ತು ಹೇಯ್ಸ್ (1976, 1977). ಮನುಷ್ಯ ಮತ್ತು ದನದ ಮೂಳೆಗಳನ್ನು ಪರೀಕ್ಷಿಸಿದ ಅವರ ಸೂತ್ರದಲ್ಲಿ ಬಲವು ಸಾಂದ್ರತೆಯ ವರ್ಗವನ್ನು ಅನುಸರಿಸುತ್ತದೆ. ವಿಕೃತಿ ದರದ ಘಾತ ಬರೀ 0.06. ವೇಗ ಸಾವಿರ ಪಟ್ಟು ಹೆಚ್ಚಿದರೂ ಬಲ ಒಂದೂವರೆ ಪಟ್ಟಾಗುತ್ತದೆ, ಅಷ್ಟೇ. ಸಾಂದ್ರತೆ ಶೇ. 30 ಕುಸಿದರೆ ಸಾಕು, ಬಲ ಅರ್ಧಕ್ಕಿಳಿಯುತ್ತದೆ. ಅಸ್ಥಿರಂಧ್ರತೆಯಿಂದ ನರಳುವ ವೃದ್ಧರ ಮಟ್ಟಿಗೆ ಇಡೀ ಇತಿಹಾಸದಲ್ಲಿ ಇದಕ್ಕಿಂತ ಮುಖ್ಯವಾದ ಫಲಿತಾಂಶವಿಲ್ಲ.

1994ರಲ್ಲಿ ಕೋರ್ಟ್ನಿ ಮತ್ತು ಸಂಗಡಿಗರು ತೊಡೆಮೂಳೆಯ ಮೇಲ್ತುದಿಯನ್ನು ಪಕ್ಕಕ್ಕೆ ಬೀಳುವ ಭಂಗಿಯಲ್ಲಿಟ್ಟು, ಸೆಕೆಂಡಿಗೆ 2 ಮಿ.ಮೀ. ಮತ್ತು 100 ಮಿ.ಮೀ. ವೇಗದಲ್ಲಿ ಅದುಮಿ ನೋಡಿದರು. ವೇಗ 50 ಪಟ್ಟು ಹೆಚ್ಚಿದಾಗ ಬಲ ಹೆಚ್ಚಿದ್ದು ಸುಮಾರು ಶೇ. 20 ಮಾತ್ರ. ಎಳೆತದಲ್ಲಿ ಚಿತ್ರ ಇನ್ನೂ ಬೇರೆ. 2008ರಲ್ಲಿ ಹ್ಯಾನ್ಸನ್, ಜಿಯೂಪೋಸ್, ಕರ್ರಿ ಮೊದಲಾದವರು ಮಾನವ ತೊಡೆಮೂಳೆಯಲ್ಲಿ ಕಂಡಂತೆ, ವಿಕೃತಿ ದರ ಸೆಕೆಂಡಿಗೆ ಸುಮಾರು 1 ದಾಟಿದ ಮೇಲೆ ಎಳೆತದ ಬಲ ಇಳಿಯತೊಡಗುತ್ತದೆ. ಆದ್ದರಿಂದ ನಿಧಾನ ಪರೀಕ್ಷೆಯ ಅಂಕಿಗಳನ್ನೇ ಹಿಡಿದು ಅಪಘಾತದ ಮುರಿತವನ್ನು ಲೆಕ್ಕಹಾಕುವುದು ಸರಿಯಲ್ಲ.